ದನಗಳ ಹೆಸರಿದ್ದ ಕೋಷ್ಟಕ

ಆ ಸೋಮವಾರ ಡಾಕ್ಟರು ಎಂದಿನಂತೆ ಹನ್ನೊಂದರ ಬಸ್ಸಿಗೆ ಬಂದರು. ಹುಬ್ಬಳ್ಳಿಯಿಂದ ಕಲಘಟಗಿಗೆ ಒಂದು ಬಸ್ಸು, ಅಲ್ಲಿಂದ ಬಮ್ಮಿಗಟ್ಟಿ ದಾಟಿ ನಮ್ಮೂರ ಕ್ರಾಸಿನ ತನಕ ಇನ್ನೊಂದು. ಹೆಗಲಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ದರ್ಜಿಯ ಟೇಪು, ಉಕ್ಕಿನ ಅಳತೆಪಟ್ಟಿ, ಎರಡು ನೋಟ್‌ಬುಕ್ಕು, ಊಟದ ಡಬ್ಬಿ. ಅಂದು ಎರಡು ದನ ನೋಡುವುದಿತ್ತು. ಒಂದು ಹೋರಿ; ಜೊತೆಯ ಹೋರಿಯೇ ತಿವಿದು ಅದರ ಪಕ್ಕೆ ಹರಿದಿತ್ತು. ಇನ್ನೊಂದು ಹಾಲು ಕೊಡುವ ಆಕಳು. ಅದರ ಕೆಳದವಡೆಯ ಎಡಭಾಗವೇ ಇರಲಿಲ್ಲ. ನಾಲಿಗೆ ಹೊರಗೆ ಜೋತು ಮಣ್ಣು ಮೆತ್ತಿಕೊಂಡಿತ್ತು. ನಾನು ಕೊಂಬು ಹಿಡಿದು ಅದರ ತಲೆಯನ್ನು ನನ್ನ ಮೊಣಕಾಲಿಗೆ ಒತ್ತಿಕೊಂಡೆ. ಅವರು ಅಳೆದರು. ಪ್ರತಿ ಅಳತೆಯನ್ನೂ ಎರಡು ಸಲ ಹೇಳಿದರು. ನನ್ನ ಕೈ ಬಿಡುವಾಗುವ ತನಕ ನಾನು ಅದನ್ನು ತಲೆಯಲ್ಲಿ ಇಟ್ಟುಕೊಂಡು ಆಮೇಲೆ ಬರೆಯಬೇಕು, ಅದು ನಮ್ಮ ಕೆಲಸದ ರೀತಿ. ಅಳತೆ ಮುಗಿದ ಮೇಲೆ ಸೂಜಿ ಚುಚ್ಚಿ ಅದನ್ನು ನೋವಿನಿಂದ ಬಿಡಿಸಿದರು. ಸಾಯುವಾಗ ಅದು ಒದ್ದ ಏಟಿಗೆ ನನ್ನ ಹಿಮ್ಮಡಿ ಊದಿಕೊಂಡಿತು.

ಮಧ್ಯಾಹ್ನ ಕೆರೆಯ ಏರಿಯ ಮೇಲೆ ಕೂತು ಉಂಡೆವು. ನಾನು ಒಯ್ದಿದ್ದ ಅಗಸಿ ಚಟ್ನಿಯನ್ನು ಅವರು ಎರಡು ಸಲ ಹಾಕಿಸಿಕೊಂಡರು. ಅಂದು ಅವರ ಮುಖ ಗೆಲುವಾಗಿತ್ತು. ಯಾವುದೋ ದೊಡ್ಡ ಊರಿನಲ್ಲಿ ಒಡೆದ ಮುಖಗಳನ್ನು ಕೂಡಿಸುವ ಡಾಕ್ಟರುಗಳು ದನಗಳ ಗಾಯದ ಮೇಲಿನ ನಮ್ಮ ಲೇಖನವನ್ನು ತಮ್ಮ ಲೇಖನದಲ್ಲಿ ಉಲ್ಲೇಖಿಸಿದ್ದಾರೆ ಎಂದು ಮೊಬೈಲು ತೋರಿಸಿದರು. ‘ನಮ್ಮ ಲೇಖನ’ ಎಂದೇ ಅವರು ಹೇಳುತ್ತಿದ್ದುದು. ಅದರಲ್ಲಿ ನನ್ನ ಹೆಸರಿರಲಿಲ್ಲ. ನಾಲ್ಕರ ಬಸ್ಸಿಗೆ ಹೋದರು. ಅವರು ನಮ್ಮೂರಿಂದ ತಮ್ಮ ಕಾಲ ಮೇಲೆ ನಡೆದು ಹೋದ ಕೊನೆಯ ದಿನ ಅದು.

ಅವರು ಪಶುವೈದ್ಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಸಂಶೋಧನೆ ಮಾಡುತ್ತಿದ್ದರು. ನಾನು ಪಶು ಸಖಿ. ಅಂದರೆ ಊರಿನ ದನಗಳಿಗೆ ಲಸಿಕೆ ಹಾಕುವುದು, ಕಿವಿಗೆ ನಂಬರಿನ ಓಲೆ ಹೊಡೆಯುವುದು, ಬೇನೆ ಬಂದರೆ ಆಸ್ಪತ್ರೆಗೆ ಫೋನು ಮಾಡುವುದು ಇಂಥ ಕೆಲಸ. ಪಿಯುಸಿ ತನಕ ಓದಿದ್ದೇನೆ. ಅವರ ಜೊತೆ ನಾಲ್ಕು ವರ್ಷ ಈ ಭಾಗದ ಊರುಗಳನ್ನು ಸುತ್ತಿದೆ. ಅವರು ತೀರಿಕೊಂಡು ಈಗ ಒಂದು ವರ್ಷದ ಮೇಲಾಯಿತು. ಅವರ ಬಗ್ಗೆ ಬರೆಯಬಲ್ಲವರು ಬೇರೆ ಇದ್ದಾರೆ. ಆದರೆ ಅವರಾರೂ ದನದ ತಲೆ ಹಿಡಿದು ಅವರ ಎದುರಿಗೆ ಕೂತಿಲ್ಲ.

ನಮ್ಮ ಕಡೆ ಕಾಡು ಹತ್ತಿರ. ಕಬ್ಬಿಗೆ, ಗೋವಿನಜೋಳಕ್ಕೆ, ಭತ್ತಕ್ಕೆ ಹಂದಿ ಬೀಳುತ್ತವೆ. ಅವುಗಳಿಗೆಂದು ಕೆಲವರು ಸಿಡಿಮದ್ದಿನ ಉಂಡೆ ಇಡುತ್ತಾರೆ. ಊರಲ್ಲಿ ಅದಕ್ಕೆ ಬರೇ ‘ಉಂಡಿ’ ಎನ್ನುತ್ತಾರೆ, ತಿನ್ನುವ ಉಂಡೆಯಂತೆ. ಹಂದಿ ಕಚ್ಚಿದರೆ ಅದರ ತಲೆ ಹೋಗುತ್ತದೆ. ಆದರೆ ಕಚ್ಚುವುದು ಹಂದಿಯೊಂದೇ ಅಲ್ಲ. ಮೇಯಲು ಹೋದ ದನ ಕಚ್ಚುತ್ತದೆ, ನಾಯಿ ಕಚ್ಚುತ್ತದೆ. ಹುಲ್ಲು ಕೊಯ್ಯುವ ಹೆಂಗಸಿನ ಕುಡುಗೋಲು ತಾಗಿದರೂ ಸಾಕು. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಇಡುವವನೂ ನಮ್ಮವನೇ, ದನ ಕಳೆದುಕೊಂಡವನೂ ನಮ್ಮವನೇ.

ನಾನು ಅವರನ್ನು ಮೊದಲು ನೋಡಿದ್ದು ಅಂಥ ಒಂದು ಎಮ್ಮೆಯ ಮುಂದೆ. ಊರ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಎಮ್ಮೆ ಮುಖವಿಲ್ಲದ ಮುಖದಿಂದ ಉಸಿರು ಬಿಟ್ಟಾಗೆಲ್ಲ ರಕ್ತದ ಹನಿ ನಮ್ಮ ಸೀರೆಗೆ ಸಿಡಿಯುತ್ತಿತ್ತು. ಬಂದವರು ಸೂಜಿ ತೆಗೆಯುವ ಮೊದಲು ಅಳತೆಪಟ್ಟಿ ತೆಗೆದರು. ಗಾಯದ ಪಕ್ಕ ಅದನ್ನು ಹಿಡಿದು ಫೋಟೋ ತೆಗೆದರು. ಎಮ್ಮೆಯ ಒಡತಿ ಎದೆ ಬಡಿದುಕೊಂಡು ಬೈಯತೊಡಗಿದಳು. ಜೀವ ಹೋಗುತ್ತಿರುವಾಗ ಇವರಿಗೆ ಫೋಟೋ ಬೇಕೇ ಎಂದು ಎಲ್ಲರೂ ಸೇರಿ ಮೈಮೇಲೆ ಹೋದರು. ಅವರು ತಲೆ ಎತ್ತದೆ ಹೇಳಿದರು:

“ಬರೀಲಿಲ್ಲಂದ್ರ ಇದು ಆಗೇ ಇಲ್ಲ ಅಂತಾರ್ರಿ, ಅಕ್ಕಾರ.”

ಅವರು ಎಲ್ಲ ಹೆಂಗಸರನ್ನೂ ‘ಅಕ್ಕಾರ’ ಎಂದೇ ಕರೆಯುತ್ತಿದ್ದರು, ತಮಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ನನ್ನನ್ನೂ. ಊರವರು ಅವರಿಗೆ ‘ಗಾಯದ ಡಾಕ್ಟ್ರು’ ಎಂದು ಹೆಸರಿಟ್ಟರು. ನಾನು ಅವರ ಜೊತೆ ತಿರುಗಲು ಸುರುಮಾಡಿದ ಮೇಲೆ ನನಗೂ ಒಂದು ಪಾಲು ಬಂತು. ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಇದ್ದಳು. ನಾನು ದಾಟಿಹೋದಾಗೆಲ್ಲ, “ಏನ್ ಬೇ, ಇವತ್ತ ಎಷ್ಟ್ ಹರದ ಬಾಯಿ ಎಣಿಸಿದ್ರಿ? ಮನ್ಯಾಗ ನಿನ್ನ ಅತ್ತಿ ಬಾಯಿ ಒಂದ ಹರೀದ ಉಳದೈತಿ ನೋಡು, ಅದನ್ನೂ ಅಳಿ” ಎನ್ನುತ್ತಿದ್ದಳು. ಅವರಿಗೆ ಇದನ್ನು ಹೇಳಿದಾಗ ಅವರು ದಾರಿಯಲ್ಲಿ ನಿಂತು ನಕ್ಕರು. ನಗುವಾಗ ಅಂಗೈಯಿಂದ ಗಲ್ಲ ಮುಚ್ಚಿಕೊಳ್ಳುತ್ತಿದ್ದರು, ಹಲ್ಲು ನೋಯುವವರಂತೆ.

ಅವರ ಲೇಖನಗಳ ಪಟ್ಟಿ ಒಂದು ಪ್ಲಾಸ್ಟಿಕ್ ಹಾಳೆಯೊಳಗೆ ಯಾವಾಗಲೂ ಚೀಲದಲ್ಲಿರುತ್ತಿತ್ತು. ರೈತರು ತಮ್ಮ ಹೊಲಗಳನ್ನು ಹೇಳಿದ ಹಾಗೆ ಅವರು ಅದನ್ನು ಹೇಳುತ್ತಿದ್ದರು. ಮೊದಲನೆಯದು ಹೋರಿಗಳ ಕೊಂಬಿನ ತಿವಿತ. ಆಮೇಲೆ ಮೇವಿನ ಕಣಿಕೆ ಕತ್ತರಿಸುವ ಯಂತ್ರಕ್ಕೆ ಸಿಕ್ಕ ಬೆರಳುಗಳು. ರಾಶಿ ಮಾಡುವ ಯಂತ್ರದ ಬಾಯಿಗೆ ಹೋದ ತೋಳುಗಳು. ಗಾಣದಲ್ಲಿ ಕಬ್ಬಿನ ಜೊತೆ ಅರೆದುಹೋದ ಕೈ. ನಾಯಿ ಕಚ್ಚಿದ ಕುರಿಗಳ ತೊಡೆ. ಕೊನೆಗೆ ಉಂಡಿ. ಒಂದೊಂದು ಒಂದೊಂದು ವಿಷಯದ ಪತ್ರಿಕೆಯಲ್ಲಿ ಅಚ್ಚಾಗಿತ್ತು: ಪಶುವೈದ್ಯರದು, ಎಂಜಿನಿಯರರದು, ಮನುಷ್ಯರ ಡಾಕ್ಟರದು, ಪೊಲೀಸರ ತನಿಖೆಗೆ ನೆರವಾಗುವವರದು. ಇದೇ ಅವರಿಗೆ ಮುಳುವಾಯಿತು. ಬಡ್ತಿಯ ಸಂದರ್ಶನದಲ್ಲಿ ಅವರ ವಿಭಾಗದ ಮುಖ್ಯಸ್ಥರು ಪಟ್ಟಿಯನ್ನು ಮೇಜಿನ ಮೇಲೆ ಎಸೆದು, ಇದರಲ್ಲಿ ನಿಮ್ಮ ಕ್ಷೇತ್ರ ಯಾವುದು ಎಂದು ಕೇಳಿದರಂತೆ. ಅದನ್ನು ಅವರು ನನಗೆ ಬಸ್ಸಿಗೆ ಕಾಯುವಾಗ ಹೇಳಿದರು.

“ನಾ ಗಾಯ ಅಂದೆ. ಅದು ಯಾವ ಡಿಪಾರ್ಟ್‌ಮೆಂಟಿನ್ಯಾಗ ಬರ್ತೈತಿ ಅಂತ ಅವರಿಗೆ ಗೊತ್ತಾಗಲಿಲ್ರಿ.”

ಬಡ್ತಿ ಬರಲಿಲ್ಲ. ಅವರಿಗಿಂತ ಚಿಕ್ಕವರು ಮೇಲೆ ಹೋದರು. ಅವರ ಲೇಖನಗಳನ್ನು ಅವರ ವಿಭಾಗದ ಒಬ್ಬರೂ ಎಲ್ಲಿಯೂ ಉಲ್ಲೇಖಿಸಿರಲಿಲ್ಲ. ಉಲ್ಲೇಖಿಸಿದವರೆಲ್ಲ ಹೊರಗಿನವರು. ಎಲ್ಲೋ ಒಬ್ಬ ಎಂಜಿನಿಯರು ರಾಶಿ ಯಂತ್ರದ ಬಾಯಿಗೆ ಹೊಸ ಜಾಳಿಗೆ ಮಾಡುವಾಗ ಇವರ ತೋಳುಗಳ ಲೇಖನ ಓದಿದ್ದ. ಎಲ್ಲೋ ಒಬ್ಬ ವಕೀಲರು ಗಾಣದ ಮಾಲೀಕನ ಮೇಲಿನ ದಾವೆಯಲ್ಲಿ ಕೈಯ ಲೇಖನ ಹಾಜರು ಮಾಡಿದ್ದರು. ಹೊಸ ಉಲ್ಲೇಖ ಬಂದಾಗೆಲ್ಲ ನನಗೆ ತೋರಿಸುತ್ತಿದ್ದರು. ಯಾರೋ ಗುರುತಿಲ್ಲದವರು ನಮ್ಮ ಹೆಸರು ಬರೆದರೆ ನಮಗೆ ಏನು ಸಿಕ್ಕಿತು ಎಂದು ಒಮ್ಮೆ ಕೇಳಿದೆ. ಅವರು ಪೆನ್ನಿನಿಂದ ಅಂಗೈ ತಟ್ಟಿಕೊಂಡರು.

“ನಾ ಒಬ್ಬಾಂವ ಹೇಳಿದ್ರ ಅದು ಬರೇ ನನ್ನ ಮಾತ್ರಿ. ನನ್ನ ಗುರುತ ಇಲ್ಲದಾಂವ ಒಬ್ಬ ಎಲ್ಲೋ ಕುಂತು, ಹೌದು, ನಾನೂ ನೋಡೀನಿ ಅಂದ್ರ, ಆವಾಗ ಅದು ಖರೆ ಆಗಾಕ ಸುರು ಆಕ್ಕೈತಿ.”

ಉಂಡಿಯ ಕೆಲಸ ಸುರುವಾದಾಗ ಅವರು ಪ್ರತಿ ದನಕ್ಕೂ ಒಂದು ಸಂಖ್ಯೆ ಕೊಟ್ಟಿದ್ದರು. ಆರು ತಿಂಗಳ ನಂತರ ಮತ್ತೆ ವಿಚಾರಿಸಲು ಹೋದರೆ ಯಾರಿಗೂ ಸಂಖ್ಯೆ ಗೊತ್ತಿರುತ್ತಿರಲಿಲ್ಲ. ಮಾತು ಮುಂದೆ ಹೋಗುತ್ತಿರಲಿಲ್ಲ. ನಾನೇ ಹೇಳಿದೆ, ದನದ ಹೆಸರು ಬರೆದುಕೊಳ್ಳೋಣ ಎಂದು. ನಮ್ಮಲ್ಲಿ ಪ್ರತಿ ಎಮ್ಮೆ, ಆಕಳಿಗೂ ಹೆಸರಿದೆ. ಹೆಸರು ಹಿಡಿದು ಕೇಳಿದರೆ ಜನ ಮನೆಯ ಸತ್ತವರ ಬಗ್ಗೆ ಹೇಳಿದಂತೆ ಹೇಳುತ್ತಾರೆ. ಚಂದ್ರಿ ಎಲ್ಲಿ ಮೇಯುತ್ತಿತ್ತು, ಯಾವ ಬದುವಿನ ಹತ್ತಿರ ಸದ್ದು ಕೇಳಿತು, ಎಷ್ಟು ಹೆಜ್ಜೆ ನಡೆದು ಬಿದ್ದಿತು, ಎಲ್ಲ. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಹೆಸರುಗಳೇ ಬಂದವು. ಮನುಷ್ಯರ ಹೆಸರು, ಊರಿನ ಹೆಸರು ಎಲ್ಲಿಯೂ ಬರೆಯುವುದಿಲ್ಲ ಎಂದು ಅವರು ಪ್ರತಿ ಮನೆಯಲ್ಲಿಯೂ ಮಾತು ಕೊಟ್ಟರು. ಅದನ್ನು ನಂಬಿಯೇ ಜನ ಬಾಯಿ ಬಿಟ್ಟರು.

ಲೇಖನ ಕಳಿಸುವ ಮೊದಲು ಅವರು ಕೋಷ್ಟಕವನ್ನು ನನಗೆ ತೋರಿಸಿದರು. ಮೊದಲ ಅಂಕಣದಲ್ಲಿ ದನದ ಹೆಸರು, ಆಮೇಲೆ ಗಾಯದ ಉದ್ದ, ಅಗಲ, ಕಡೆಗೆ ಸಿಡಿದ ಜಾಗ ಮೇವಿನ ಬಯಲಿನಿಂದ ಯಾವ ದಿಕ್ಕಿಗೆ, ಎಷ್ಟು ದೂರ. ಮನುಷ್ಯರ ಹೆಸರಿಲ್ಲ, ಊರಿಲ್ಲ. ದನದ ಹೆಸರು ಹಾಗೇ ಇದ್ದರೆ ನಡೆಯುತ್ತದೆಯೇ ಎಂದು ಕೇಳಿದ್ದು ಅವರೇ. ಪೇಟೆಯಲ್ಲಿ ಹುಟ್ಟಿದವರು ಅವರು, ಅವರಿಗೆ ತಿಳಿಯಲಿಲ್ಲ. ಹಳ್ಳಿಯಲ್ಲಿ ಹುಟ್ಟಿದ ನನಗೆ ತಿಳಿಯಬೇಕಿತ್ತು. ಚಂದ್ರಿ, ಮುರುಕೊಂಬಿ, ಬೆಳವಡ್ಯಾಕಿ ಎಂಬ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗುತ್ತವೆ ಎಂದು ನನಗೆ ಹಿಗ್ಗಾಗಿತ್ತು. ಇರಲಿ ಬಿಡಿ ಎಂದೆ. ಎರಡು ಕಡೆ ಅಕ್ಷರ ತಪ್ಪಿದ್ದನ್ನು ನಾನೇ ತಿದ್ದಿಸಿದೆ. ದನಕ್ಕೇನೂ ಮಾನನಷ್ಟ ಆಗುವುದಿಲ್ಲ ಎಂದು ಅವರು ನಕ್ಕರು.

ಆಗಲೇ ನನ್ನ ಹೆಸರಿನ ಮಾತು ಬಂದದ್ದು. ಲೇಖಕರಲ್ಲಿ ಎರಡನೆಯದಾಗಿ ನನ್ನ ಹೆಸರು ಹಾಕುತ್ತೇನೆ ಎಂದರು. ನಾನು ಬೇಡವೆಂದೆ. ಮನೆಯಲ್ಲಿ ನಾನು ಬರೇ ದನದ ತಲೆ ಹಿಡಿಯಲು ಹೋಗುತ್ತೇನೆ ಎಂದು ಹೇಳಿದ್ದೆ, ಬರೆಯುವವಳು ನಾನು ಎಂದು ಹೇಳಿರಲಿಲ್ಲ. ನಮ್ಮ ಕಬ್ಬಿನ ಹೊಲದಲ್ಲಿಯೂ ಉಂಡಿ ಇಡುತ್ತಿದ್ದರು. ಇಡುತ್ತಿದ್ದವನು ನನ್ನ ಮೈದುನ. ಚಂದ್ರಿಯ ಬಾಯಿ ಸಿಡಿದದ್ದು ನಮ್ಮ ಬದುವಿನಲ್ಲಿ. ಅದನ್ನೂ ನಾನು ಬರೆದಿದ್ದೆ. ಕೆಲಸ ನಿಮ್ಮದು, ಹೆಸರು ಬೇಡವೆಂದರೆ ಹೇಗೆ ಎಂದು ಅವರು ಒಂದು ವಾರ ಜಗಳವಾಡಿದರು. ಕೊನೆಗೆ, ಹೆಸರು ಬೇಡವೆಂದ ಒಬ್ಬ ಸ್ಥಳೀಯ ಸಹಾಯಕಿಗೆ ಕೃತಜ್ಞತೆ ಎಂದು ಕೊನೆಯಲ್ಲಿ ಒಂದು ಸಾಲು ಬರೆದರು.

ಮುಖ ಕೂಡಿಸುವ ಡಾಕ್ಟರುಗಳ ಲೇಖನವನ್ನು ಹುಬ್ಬಳ್ಳಿಯ ಒಬ್ಬ ವರದಿಗಾರ ಓದಿದ. ಅದರ ಕೊನೆಯಲ್ಲಿದ್ದ ಉಲ್ಲೇಖ ಹಿಡಿದು ನಮ್ಮ ಲೇಖನಕ್ಕೆ ಬಂದ. ಆ ಸೋಮವಾರದ ನಂತರದ ಬುಧವಾರ ನಮ್ಮ ಕೋಷ್ಟಕ ಪೂರ್ತಿ, ಕನ್ನಡದಲ್ಲಿ, ಪತ್ರಿಕೆಯಲ್ಲಿ ಅಚ್ಚಾಯಿತು. ಕಲಘಟಗಿ ತಾಲ್ಲೂಕಿನ ಕಾಡಂಚು ಎಂದಷ್ಟೇ ಇತ್ತು. ಅದು ಸಾಕಾಯಿತು. ಗುರುವಾರ ಮುಂಜಾನೆ ಅರಣ್ಯ ಇಲಾಖೆಯ ಎರಡು ಜೀಪು ಊರೂರು ಸುತ್ತಿ ನಮ್ಮೂರಿಗೂ ಬಂದವು. ಜೀಪಿನವರು ಊರಲ್ಲಿ ಯಾರನ್ನೂ ಹೊಡೆಯಲಿಲ್ಲ, ಹೆದರಿಸಲಿಲ್ಲ. ಬಾವಿಯ ಕಟ್ಟೆಯ ಮುದುಕಿಯ ಹತ್ತಿರ ಹೋಗಿ, ಚಂದ್ರಿ ಎಂಬ ಎಮ್ಮೆ ಯಾರದು ಎಂದು ಕೇಳಿದರು. ಸತ್ತ ಎಮ್ಮೆಗೆ ಪರಿಹಾರ ಬಂದಿದೆ ಎಂದುಕೊಂಡ ಮುದುಕಿ ಮನೆ ತೋರಿಸಿದಳು, ಮೇಯುತ್ತಿದ್ದ ಬಯಲನ್ನೂ ತೋರಿಸಿದಳು. ಬಯಲಿನಿಂದ ದಿಕ್ಕು, ದೂರ ಪತ್ರಿಕೆಯಲ್ಲೇ ಇತ್ತು. ಅಳೆದುಕೊಂಡು ನೆಟ್ಟಗೆ ನಮ್ಮ ಬದುವಿಗೆ ಬಂದು ನಿಂತರು.

ಮೈದುನನನ್ನೂ ಇನ್ನಿಬ್ಬರನ್ನೂ ಒಯ್ದರು. ಮೂರು ದಿನ ಇಟ್ಟುಕೊಂಡರು. ಭಾನುವಾರ ಜಾಮೀನಿನ ಮೇಲೆ ಬಂದಾಗ ಅವನು ಅಂಗಾಲು ಊರಲಾರದೆ ಪಾದದ ಅಂಚಿನಲ್ಲಿ ನಡೆಯುತ್ತಿದ್ದ. ನಾನು ಬಿಸಿನೀರಿನಲ್ಲಿ ಅವನ ಕಾಲು ಅದ್ದಿಸಿದೆ. ಎರಡೂ ಅಂಗಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ನಾನು ಮದುವೆಯಾಗಿ ಬಂದಾಗ ಅವನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ನಾನು ಬಡಿಸದೆ ಅವನು ಉಂಡವನಲ್ಲ. ನೀರಿನಲ್ಲಿ ಕಾಲಿಟ್ಟುಕೊಂಡು ಅವನು ನನ್ನನ್ನೇ ನೋಡುತ್ತಿದ್ದ.

ನಾನು ಹಿತ್ತಲಿಗೆ ಹೋಗಿ ಡಾಕ್ಟರಿಗೆ ಫೋನು ಮಾಡಿದೆ. ಈ ಕಡೆ ಬರಬೇಡಿ ಎಂದೆ. ಬುಧವಾರವೇ ಪತ್ರಿಕೆ ನೋಡಿ ಏನಾಗುತ್ತದೆಂದು ಅವರಿಗೆ ತಿಳಿದಿತ್ತು. ಇಲಾಖೆಯವರು ಅವರ ನೋಟ್‌ಬುಕ್ಕು ಕೇಳಿದ್ದರು, ಅವರು ಕೊಟ್ಟಿರಲಿಲ್ಲ. ಮೂರು ದಿನದಿಂದ ಉಂಡಿಲ್ಲವೆಂದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು.

“ತಪ್ಪು ಮಾಡಿದ್ದು ಅಲ್ಲೆ, ಅಕ್ಕಾರ. ತಪ್ಪಾತು ಅನ್ನೂದೂ ಅಲ್ಲೇ ಆಗಬೇಕು.”

ಸೋಮವಾರ ಸಂಜೆ, ಡೇರಿಗೆ ಹಾಲು ಹಾಕುವ ಹೊತ್ತಿಗೆ ಬಂದರು. ಎಲ್ಲರೂ ಒಂದೇ ಕಡೆ ಸಿಗುತ್ತಾರೆಂದು ಆ ಹೊತ್ತನ್ನೇ ಆರಿಸಿಕೊಂಡಿದ್ದರು. ನಲವತ್ತು ಮಂದಿ ಇದ್ದಿರಬೇಕು. ನಾನು ಸಾಲಿನಲ್ಲಿದ್ದೆ, ಕೈಯಲ್ಲಿ ಹಾಲಿನ ಕ್ಯಾನು. ಅವರು ಡೇರಿಯ ಮೆಟ್ಟಿಲ ಹತ್ತಿರ ನಿಂತು ಚೀಲ ಕೆಳಗಿಟ್ಟರು. ಹೆಸರು ಹಾಕಬಾರದಿತ್ತು, ನಿಮಗೆ ಕೊಟ್ಟ ಮಾತು ಮುರಿದೆ, ಕೇಸಿಗೆ ವಕೀಲರನ್ನು ನಾನೇ ಹಿಡಿಯುತ್ತೇನೆ ಎಂದರು. ಯಾರೋ ಒಬ್ಬರು ಕೂತುಕೊಳ್ಳಿ ಎಂದು ಹೇಳಿದ್ದೂ ನನಗೆ ನೆನಪಿದೆ. ಅಷ್ಟರಲ್ಲಿ ನನ್ನ ಮೈದುನ ಜನರನ್ನು ಸರಿಸಿಕೊಂಡು ಕುಂಟುತ್ತ ಮುಂದೆ ಬಂದ. ಕಬ್ಬು ಕಡಿಯುವ ಕೊಯ್ತಾ ಕೈಯಲ್ಲಿತ್ತು.

“ಹೆಸರು ಯಾರು ಕೊಟ್ರು?”

“ನಾನ ಬರಕೊಂಡೀನಿ.”

“ಚಂದ್ರಿ ಅಂತ ಎಮ್ಮಿ ಹಣಿ ಮ್ಯಾಲ ಬರದಿತ್ತೇನು?”

ಒಬ್ಬಿಬ್ಬರು ನಕ್ಕರು. ಮೈದುನ ಕಪಾಳಕ್ಕೆ ಹೊಡೆದ. ಕನ್ನಡಕ ಹಾರಿ ಹಾಲಿನ ಕೆಸರಿನಲ್ಲಿ ಬಿತ್ತು. ಎರಡನೆಯ ಸಲ ಅದೇ ಪ್ರಶ್ನೆ ಕೇಳಿದ. ಅವರು ಅದೇ ಉತ್ತರ ಹೇಳಿದರು. ಕೊಯ್ತಾದ ಬೆನ್ನಿನಿಂದ ಹೆಗಲಿಗೆ ಹೊಡೆದ. ಮೂರನೆಯ ಸಲ ಕೇಳುವಾಗ ಅವನ ಕಣ್ಣು ನನ್ನ ಮೇಲಿತ್ತು, ಕೈ ಅವರ ಮೇಲಿತ್ತು. ಅವರು ಒಮ್ಮೆ ಕೂಡ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. “ನಾನ ಬರಕೊಂಡೀನ್ರಿ, ಯಾರೂ ಕೊಟ್ಟಿಲ್ಲ” ಎಂದರು. ಆಗ ಬಿದ್ದ ಏಟು ದವಡೆಗೆ. ಮೂಳೆ ಮುರಿದ ಸದ್ದು ನನಗೆ ಕೇಳಿತು. ಆ ಸದ್ದನ್ನು ನಾನು ದನಗಳಲ್ಲಿ ಕೇಳಿದ್ದೆ.

ಅವರು ಬಿದ್ದ ಮೇಲೆ, ಜಾಮೀನಿನ ಮೇಲೆ ಬಂದಿದ್ದ ಇನ್ನಿಬ್ಬರೂ ಸೇರಿಕೊಂಡರು. ಒಬ್ಬ ತಲೆಗೆ ಒದ್ದ. ಇನ್ನೊಬ್ಬ ಹಾಲಿನ ಕ್ಯಾನಿನ ಮುಚ್ಚಳದಿಂದ ಕಿವಿಯ ಮೇಲೆ ಹೊಡೆದ. ಅವರು ಕೈಗಳಿಂದ ಮುಖ ಮುಚ್ಚಿಕೊಂಡಿದ್ದರು, ಹೊಡೆಯುವವರು ಆ ಕೈಯ ಮೇಲೆಯೇ ತುಳಿದರು. ಒಂದು ಕ್ಯಾನು ತುಂಬುವಷ್ಟು ಹೊತ್ತು ನಡೆಯಿತು. ಡೇರಿಯ ಕಾರ್ಯದರ್ಶಿ ಹಾಲಿನ ಡಿಗ್ರಿ ನೋಡುವುದನ್ನು ನಿಲ್ಲಿಸಲಿಲ್ಲ. ಸಾಲು ಮುಂದೆ ಸರಿಯಿತು. ನಾನು ಸಾಲಿನ ಜೊತೆ ಎರಡು ಹೆಜ್ಜೆ ಮುಂದೆ ಹೋದೆ. ಅದನ್ನು ಬರೆಯದೆ ಬಿಡಬಹುದಿತ್ತು, ಆದರೆ ಹೋದದ್ದು ಹೌದು. ನಾನೇ ಕೊಟ್ಟೆ ಎಂದು ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಜನ ಚದುರಿದ ಮೇಲೆ ಬಮ್ಮಿಗಟ್ಟಿ ಕಡೆಗೆ ಖಾಲಿ ಹೋಗುತ್ತಿದ್ದ ಟೆಂಪೋಕ್ಕೆ ಕೈ ಮಾಡಿದೆ. ಡ್ರೈವರ್ ಬೇರೆ ಊರಿನವನು. ಅವನೇ ಅವರ ಕಾಲು ಹಿಡಿದ, ನಾನು ತಲೆ ಹಿಡಿದೆ. ಹುಬ್ಬಳ್ಳಿಯ ತನಕ ಅವರ ತಲೆ ನನ್ನ ಮೊಣಕಾಲ ಮೇಲಿತ್ತು. ಕೆಳದವಡೆ ಎಡಕ್ಕೆ ಜರುಗಿತ್ತು. ಗಾಯ ಕಿವಿಯ ಕೆಳಗಿನಿಂದ ಗದ್ದದ ಕಡೆಗೆ, ನಾಲ್ಕು ಬೆರಳಿನಷ್ಟು ಉದ್ದ, ಒಂದು ಬೆರಳಿನಷ್ಟು ಅಗಲ. ಕಣ್ಣು ತಾನಾಗಿಯೇ ಅಳೆಯುತ್ತಿತ್ತು, ನಿಲ್ಲಿಸಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ದವಡೆಗೆ ತಂತಿ ಕಟ್ಟಿದರು. ಮಾತು ಬರುತ್ತಿರಲಿಲ್ಲ. ಬಲಗೈಯ ಎರಡು ಬೆರಳು ಮಾತ್ರ ಸರಿ ಇದ್ದವು, ಅವುಗಳಲ್ಲಿ ಪೆನ್ಸಿಲು ಹಿಡಿದು ಬರೆಯುತ್ತಿದ್ದರು. ಮೊದಲು ಬರೆದದ್ದು, ಹಿಂದಿನ ಸೋಮವಾರದ ಆಕಳಿನ ಅಳತೆ ನೋಟ್‌ಬುಕ್ಕಿಗೆ ಏರಿಸಿದಿರಾ ಎಂದು. ಏರಿಸಿದ್ದೇನೆ ಎಂದೆ. ಎರಡನೆಯದು: “ಹೆಸರು ಹೊಡದ ಹಾಕ್ರಿ.” ಅವರ ಹೆಂಡತಿ ಮನೆಯಿಂದ ಹಳೆಯ ನೋಟ್‌ಬುಕ್ಕುಗಳನ್ನೂ ತಂದುಕೊಟ್ಟರು. ಮಂಚದ ಪಕ್ಕ ಕೂತು ನಾಲ್ಕು ವರ್ಷದ ಹೆಸರುಗಳ ಮೇಲೆ ಒಂದೊಂದಾಗಿ ಕಪ್ಪು ಗೆರೆ ಎಳೆದೆ. ಅಳತೆಗಳನ್ನು ಉಳಿಸಿದೆ. ಅವರು ಕಣ್ಣು ಮುಚ್ಚದೆ ನೋಡುತ್ತಿದ್ದರು. ಒಂದು ಕಡೆ ಗೆರೆ ಸರಿಯಾಗಿ ಮುಚ್ಚಿರಲಿಲ್ಲ, ಬೆರಳಿಟ್ಟು ತೋರಿಸಿದರು. ಹನ್ನೊಂದನೆಯ ದಿನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ತೀರಿಕೊಂಡರು.

ಅವರ ಹೆಂಡತಿ ಶಾಲೆಯಲ್ಲಿ ಕಲಿಸುವವರು. ಮಣ್ಣು ಮಾಡಿದ ದಿನ ಅವರು ಅಳಲಿಲ್ಲ. ನನ್ನನ್ನು ಬಾಜು ಕೂಡಿಸಿಕೊಂಡು ಕೇಳಿದರು: “ಅವರನ್ನ ಯಾರು ಬಡದ್ರು, ನಿಮಗ ಗೊತ್ತೈತಲ್ಲ?” ನಾನು ತಲೆ ಅಲ್ಲಾಡಿಸಿದೆ. ಗೊತ್ತು ಎಂದೋ ಇಲ್ಲ ಎಂದೋ, ನನಗೇ ತಿಳಿಯದ ಹಾಗೆ. ಅವರು ನನ್ನ ಕೈಗೆ ಒಂದು ಲೋಟ ನೀರು ಕೊಟ್ಟರು.

ಕಾಲೇಜಿನಲ್ಲಿ ಸಂತಾಪ ಸಭೆ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮುಖ್ಯಸ್ಥರು ಮಾತಾಡಿ, ಮೃತರ ಕೆಲಸ ಬಹಳ ಕ್ಷೇತ್ರಗಳಲ್ಲಿ ಚದುರಿಹೋಗಿತ್ತು, ಒಂದೇ ಕಡೆ ಗಮನವಿಟ್ಟಿದ್ದರೆ ಇನ್ನೂ ಎತ್ತರಕ್ಕೆ ಹೋಗುತ್ತಿದ್ದರು ಎಂದರು. ಆಮೇಲೆ ಒಬ್ಬರು ಎದ್ದು ನಿಂತರು. ಬಹಳ ದೂರದಿಂದ ಬಂದ ಶಸ್ತ್ರಚಿಕಿತ್ಸಕರು, ಅವರನ್ನು ಒಮ್ಮೆಯೂ ಕಂಡವರಲ್ಲ. ಉಂಡಿ ಸಿಡಿದು ಮುಖ ಹೋದ ಒಬ್ಬ ಹೆಂಗಸಿಗೆ ದವಡೆ ಕೂಡಿಸುವಾಗ ಈ ಕೋಷ್ಟಕವನ್ನು ಗೋಡೆಗೆ ಅಂಟಿಸಿಕೊಂಡಿದ್ದೆವು ಎಂದಷ್ಟೇ ಹೇಳಿ ಕೂತರು. ರಾಶಿ ಯಂತ್ರ ಮಾಡುವ ವರ್ಕ್‌ಶಾಪಿನವನೂ ಒಬ್ಬ ಬಂದಿದ್ದ, ಅವನಿಗೆ ಮಾತಾಡಲು ಕರೆಯಲಿಲ್ಲ. ಹೊರಗೆ ಬಂದ ಮೇಲೆ ಶಸ್ತ್ರಚಿಕಿತ್ಸಕರು ನೀವು ಅವರಿಗೆ ಏನಾಗಬೇಕು ಎಂದು ನನ್ನನ್ನು ಕೇಳಿದರು. ದನದ ತಲೆ ಹಿಡಿಯುತ್ತಿದ್ದೆ ಎಂದೆ. ಅವರಿಗೆ ಏನು ಅರ್ಥವಾಯಿತೋ, ಕೈ ಮುಗಿದರು.

ಮರುದಿನ ನಾನು ಠಾಣೆಗೆ ಹೋದೆ. ಕಂಡದ್ದನ್ನೆಲ್ಲ ಹೇಳಿದೆ. ಯಾರು, ಎಷ್ಟನೆಯ ಏಟು, ಯಾವುದರಿಂದ, ದೇಹದ ಯಾವ ಭಾಗಕ್ಕೆ, ಯಾವ ದಿಕ್ಕಿನಿಂದ, ಗಾಯ ಎಷ್ಟು ಉದ್ದ, ಎಷ್ಟು ಅಗಲ. ಹೆಸರುಗಳನ್ನು ಕೊಟ್ಟವಳು ನಾನು ಎನ್ನುವುದನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದ ಪೊಲೀಸಿನವನು ನಡುವೆ ಒಮ್ಮೆ ಪೆನ್ನು ಇಟ್ಟು, ಸ್ವಲ್ಪ ನಿಧಾನಕ್ಕೆ ಹೇಳಮ್ಮ ಎಂದ. ಪ್ರತಿ ಮಾತನ್ನೂ ಎರಡು ಸಲ ಹೇಳಿದೆ.

ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲು ಬಂದಿತ್ತು. ನನ್ನ ಗಂಡ ಕಡಿಮೆ ಮಾತಿನ ಮನುಷ್ಯ. ಎಂದೂ ಕೈ ಎತ್ತಿದವನಲ್ಲ. ಅಂದು ಬಾಗಿಲಲ್ಲೇ ಹೊಡೆದ, ನಾನು ಅಂಗಳದ ಕಲ್ಲಿನ ಮೇಲೆ ಬಿದ್ದೆ, ಮುಂದಿನ ಹಲ್ಲು ಮುರಿಯಿತು. “ತಮ್ಮನ್ನ ಜೇಲಿಗೆ ಹಾಕ್ಸಿ ಅಣ್ಣನ ಮನ್ಯಾಗ ಉಣ್ಣಾಕ ಬಂದೀಯೇನು?” ಎಂದ. ಅತ್ತೆ ನನ್ನ ಟ್ರಂಕನ್ನು ಅಂಗಳಕ್ಕೆ ಎಳೆದು ಹಾಕಿದರು. ಮಗಳು ಬಟ್ಟೆಗಳನ್ನು ಆಯ್ದುಕೊಂಡು ನನ್ನ ಜೊತೆ ಬಂದಳು. ಈಗ ನಾವಿಬ್ಬರೂ ಕಲಘಟಗಿಯಲ್ಲಿ ಒಂದು ಕೋಣೆಯಲ್ಲಿದ್ದೇವೆ. ನಾನು ತೊಟ್ಟಿಲು ಮಾಡುವವರ ಹತ್ತಿರ ಕಟ್ಟಿಗೆಗೆ ಮೊದಲ ಬಣ್ಣ ಬಳಿಯುತ್ತೇನೆ. ಊರಿನ ದನಗಳಿಗೆ ಈಗ ಬೇರೆಯವಳು ಲಸಿಕೆ ಹಾಕುತ್ತಾಳೆ. ಉಂಡಿ ಇಡುವುದು ನಿಂತಿಲ್ಲ. ಹೋದ ಸುಗ್ಗಿಯಲ್ಲಿ ಎರಡು ಎಮ್ಮೆ ಸತ್ತವಂತೆ. ಅವುಗಳ ಗಾಯವನ್ನು ಯಾರೂ ಅಳೆದಿಲ್ಲ.

ಅವರು ಸತ್ತ ಮೇಲೆ ಅವರ ಲೇಖನಗಳಿಗೆ ಉಲ್ಲೇಖ ಹೆಚ್ಚಾಗಿದೆ ಎಂದು ಅವರ ವಿದ್ಯಾರ್ಥಿಯೊಬ್ಬ ಆಗಾಗ ಫೋನು ಮಾಡಿ ಹೇಳುತ್ತಾನೆ. ಸಮಾಜಶಾಸ್ತ್ರದವರೂ ಈಗ ಬರೆಯುತ್ತಿದ್ದಾರಂತೆ. ಅವರ ವಿಭಾಗದವರೇ ಒಬ್ಬರು ಮೊದಲ ಸಲ ಬರೆದಿದ್ದಾರಂತೆ. ಒಳ್ಳೆಯದಾಯಿತು ಎನ್ನುತ್ತೇನೆ.

ಹೋದ ತಿಂಗಳು ಸರ್ಕಾರಿ ವಕೀಲರು ನನ್ನನ್ನು ಕರೆಸಿ ಕೂಡಿಸಿಕೊಂಡು ಮಾತಾಡಿದರು. ನನ್ನ ಹೇಳಿಕೆ ಚೆನ್ನಾಗಿದೆ, ಆದರೆ ಅದೊಂದೇ ಇದೆ. ಗಂಡನ ಮನೆಯವರ ಮೇಲಿನ ಸಿಟ್ಟಿಗೆ ಹೇಳಿದ್ದಾಳೆ ಎಂದು ಎದುರಿನವರು ವಾದಿಸುತ್ತಾರೆ. ಅಲ್ಲಿ ನಿಂತಿದ್ದವರಲ್ಲಿ ಇನ್ನೊಬ್ಬರು, ಒಬ್ಬರೇ ಒಬ್ಬರು, ಬಂದು ಹೌದು ಎಂದರೆ ಕೇಸು ನಿಲ್ಲುತ್ತದೆ ಎಂದರು. ನಾನು ಕಾರ್ಯದರ್ಶಿಯ ಮನೆಗೆ ಹೋದೆ. ಅವನು ಆ ದಿನ ತಲೆ ಎತ್ತಿರಲಿಲ್ಲವೆಂದ. ಕೂತುಕೊಳ್ಳಿ ಎಂದು ಅವರಿಗೆ ಹೇಳಿದ್ದವರು ಯಾರೆಂದು ನೆನಪು ಮಾಡಿಕೊಂಡು ಅವರ ಮನೆಗೂ ಹೋದೆ. ಚಹಾ ಕೊಟ್ಟರು, ಮಗಳ ಓದು ವಿಚಾರಿಸಿದರು, ಆ ಮಾತು ಎತ್ತಿದಾಗ ಒಳಗೆ ಎದ್ದು ಹೋದರು. ಹೀಗೆ ಏಳು ಮನೆ ತಿರುಗಿದ್ದೇನೆ.

ಎರಡನೆಯ ಹೇಳಿಕೆ ಇನ್ನೂ ಬಂದಿಲ್ಲ.